ಹಾಲಿನ ಲೆಕ್ಕದ ಪಕ್ಕದಲ್ಲೊಂದು ನಕ್ಷತ್ರ

ಒಂದು ನಕ್ಷತ್ರದ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ವರ್ಷ ಕಾಲ ಮಾತಿಗೆ ಮಾತು ಬೆಳೆಯಿತು ಎಂದರೆ ನೀವು ನಗಬಹುದು. ಚಳ್ಳಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ಜಗಳಕ್ಕೆ ಕಾರಣಗಳಿಗೇನೂ ಬರವಿಲ್ಲ. ಬೋರ್‌ವೆಲ್ ನೀರು ಇದೆ, ಶೇಂಗಾ ರೇಟು ಇದೆ, ಬದುವಿನ ಬೇಲಿ ಇದೆ. ಆದರೆ ಸುಮಾರು 3000 ಜ್ಯೋತಿರ್ವರ್ಷ ದೂರದ ಒಂದು ಚುಕ್ಕಿ ಆ ಸಾಲಿಗೆ ಸೇರಿದ್ದು ನಮ್ಮ ಮನೆಯೊಂದರಲ್ಲೇ ಇರಬೇಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. 2024ರ ಮಾರ್ಚ್ ತಿಂಗಳಲ್ಲಿ, ಮಗಳು ಸುಮ ಒಂಬತ್ತನೆಯ ತರಗತಿಯ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಾಗ, ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಉತ್ತರ ಕಿರೀಟ ಎಂಬ ಪುಟ್ಟ ನಕ್ಷತ್ರಪುಂಜದಲ್ಲಿ ‘ಟಿ ಕೊರೊನೆ ಬೊರಿಯಾಲಿಸ್’ ಎಂಬ ತಾರೆಯೊಂದಿದೆ. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಆ ವರ್ಷ ಸೆಪ್ಟೆಂಬರ್ ಒಳಗೆ ಅದು ಸಿಡಿಯುವ ಸಂಭವವಿದೆ. ಸಿಡಿದರೆ ಕೆಲವು ದಿನ ಧ್ರುವ ನಕ್ಷತ್ರದಷ್ಟು ಹೊಳೆಯುತ್ತದೆ. ಈ ಹಿಂದೆ ಹಾಗಾದದ್ದು 1946ರಲ್ಲಿ. ಓದಿದವನು ಸುಮ್ಮನಿರದೆ ಮಗಳನ್ನು ಕರೆದು ತೋರಿಸಿದೆ. ಮುಂದಿನದಕ್ಕೆಲ್ಲ ಮೂಲ ಕಾರಣ ನಾನೇ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ರಾತ್ರಿಯೇ ಮಾಳಿಗೆ ಹತ್ತಿದೆವು. ಉತ್ತರ ಕಿರೀಟವನ್ನು ಹುಡುಕುವುದು ಕಷ್ಟವಲ್ಲ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಸ್ವಾತಿಯಿಂದ ಅಭಿಜಿತ್ ಕಡೆಗೆ ಒಂದು ಗೆರೆ ಎಳೆದುಕೊಂಡು ಮೂರನೇ ಒಂದು ಪಾಲು ಹೋದರೆ ಏಳು ತಾರೆಗಳ ಒಂದು ಕಮಾನು. ನಡುವೆ ಕೊಂಚ ಪ್ರಕಾಶಮಾನವಾದದ್ದು ಆಲ್ಫೆಕಾ. ಕಮಾನಿನ ಪೂರ್ವದ ತುದಿಯಿಂದ ಎರಡನೆಯ ತಾರೆ ಎಪ್ಸಿಲಾನ್. ಅದರಿಂದ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ದೂರದಲ್ಲಿ ನಮ್ಮ ನಾಯಕನಿದ್ದಾನೆ. ಬರಿಗಣ್ಣಿಗೆ ಅಲ್ಲಿ ಖಾಲಿ ಆಕಾಶ.

ಮಾರ್ಚಿಯಲ್ಲಿ ಅದು ಮೇಲೇರಲು ರಾತ್ರಿ ಹತ್ತಾದರೂ ಆಗಬೇಕು. ನಮ್ಮ ಗಲಾಟೆಗೆ ಎಚ್ಚರಾಗಿ ಅವ್ವ ಮೇಲೆ ಬಂದಳು.

“ಏನಮ್ಮಾ ಹುಡುಕ್ತಿದ್ದೀಯ ಈ ಹೊತ್ನಾಗೆ?”

“ನೋವಾ, ಅಜ್ಜಿ.”

“ನೋವಾ? ಎಲ್ಲಿ ನೋವು?”

ಅಂದಿನಿಂದ ನಮ್ಮ ಮನೆಯಲ್ಲಿ ಆ ನಕ್ಷತ್ರಕ್ಕೆ ನೋವಾ ಎನ್ನುವುದೇ ಹೆಸರಾಯಿತು. ಕಮಾನನ್ನು ತೋರಿಸಿದಾಗ ಅವ್ವನಿಗೆ ಕಿರೀಟ ಕಾಣಲಿಲ್ಲ. “ಒಡೆದ ಬಳೆ ಇದ್ದಂಗೈತೆ” ಎಂದಳು. ನೋಡಿದರೆ ಹೌದು, ಅದೇ ಸರಿ. ಅರ್ಧ ಬಳೆ.

ನಾನು ಹಿಂದೊಮ್ಮೆ ಶಿಬಿರವೊಂದರಲ್ಲಿ ಕೂತು ಕನ್ನಡಿ ಉಜ್ಜಿ ಮಾಡಿಕೊಂಡಿದ್ದ ನಾಲ್ಕು ಅಂಗುಲದ ದೂರದರ್ಶಕ ಅಟ್ಟದ ಮೇಲಿತ್ತು. ಇಳಿಸಿ ಧೂಳು ಒರೆಸಿದೆವು. ಅದರಲ್ಲಿ ಟಿ ಕೊರೊನೆ ಕಾಣುತ್ತದೆ, ಸಾಸಿವೆ ಕಾಳಿನಷ್ಟು. ಅದರ ಕಾಂತಿಮಾನ ಸುಮಾರು 10. ಈ ಅಳತೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಮಂಕು. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿನ ಮಿತಿ 6. ಸಿಡಿದಾಗ ಇದು 2ರ ಆಸುಪಾಸಿಗೆ ಏರುತ್ತದೆ, ಅಂದರೆ ಕೆಲವೇ ಗಂಟೆಗಳಲ್ಲಿ ಸಾವಿರ ಪಟ್ಟಿಗೂ ಹೆಚ್ಚು. ಒಂದು ವಾರದೊಳಗೆ ಮತ್ತೆ ಬರಿಗಣ್ಣಿನಿಂದ ಮರೆಯಾಗುತ್ತದೆ. ತಡವಾಗಿ ನೋಡಿದವರಿಗೆ ಏನೂ ಸಿಗುವುದಿಲ್ಲ.

ಸುಮ ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿದಳು. ದಿನಾಂಕ, ವೇಳೆ, ಆಕಾಶದ ಸ್ಥಿತಿ, ಅಕ್ಕಪಕ್ಕದ ತಾರೆಗಳಿಗೆ ಹೋಲಿಸಿ ಅಂದಾಜು ಮಾಡಿದ ಕಾಂತಿಮಾನ, ಕೊನೆಗೆ ‘ಸ್ಫೋಟ’ ಎಂಬ ಕಾಲಂ. ಆ ಕೊನೆಯ ಕಾಲಮ್ಮಿನಲ್ಲಿ ಅವಳು ಬರೆದ ಮೊದಲ ಮಾತು ‘ಇಲ್ಲ’.

ಒಂದು ರಾತ್ರಿ ಕಣ್ಣನ್ನು ದೂರದರ್ಶಕದಿಂದ ತೆಗೆಯದೆಯೇ ಕೇಳಿದಳು: “ಅಪ್ಪಾ, ಇದು ಒಂದಲ್ಲ, ಎರಡು ನಕ್ಷತ್ರ ಅಂತ ಬರೆದಿದ್ದಾರಲ್ಲ. ನಂಗೆ ಕಾಣೋದು ಒಂದೇ ಚುಕ್ಕಿ. ಅವರಿಗೆ ಹೇಗೆ ಗೊತ್ತಾಯಿತು?”

ಒಳ್ಳೆಯ ಪ್ರಶ್ನೆ. ಎಷ್ಟು ದೊಡ್ಡ ದೂರದರ್ಶಕದಲ್ಲಿ ಇಣುಕಿದರೂ ಅದು ಒಂದೇ ಚುಕ್ಕಿಯಾಗಿಯೇ ಕಾಣುತ್ತದೆ. ಗುಟ್ಟು ರಟ್ಟಾದದ್ದು ರೋಹಿತದಿಂದ. ಬಿಳಿ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಬಣ್ಣಗಳ ಪಟ್ಟಿ ಬರುತ್ತದಲ್ಲ, ನಕ್ಷತ್ರದ ಬೆಳಕಿಗೂ ಹಾಗೆ ಮಾಡಿದರೆ ಆ ಪಟ್ಟಿಯಲ್ಲಿ ಕಪ್ಪು ಅಥವಾ ಹೊಳೆಯುವ ಗೆರೆಗಳು ಕಾಣುತ್ತವೆ. ಯಾವ ಧಾತು ಎಷ್ಟು ಬಿಸಿಯಲ್ಲಿದೆ ಎಂಬುದಕ್ಕೆ ಅವು ಸಾಕ್ಷಿ. ಟಿ ಕೊರೊನೆಯ ರೋಹಿತದಲ್ಲಿ ಟೈಟಾನಿಯಂ ಆಕ್ಸೈಡಿನ ಅಗಲವಾದ ಕಪ್ಪು ಪಟ್ಟಿಗಳಿವೆ. ಇಂಥ ಅಣು ಉಳಿಯಬೇಕಾದರೆ ನಕ್ಷತ್ರದ ಮೈ ಮೂರೂವರೆ ಸಾವಿರ ಡಿಗ್ರಿಯಷ್ಟು ‘ತಣ್ಣಗೆ’ ಇರಬೇಕು. ಅದೇ ರೋಹಿತದಲ್ಲಿ ಜಲಜನಕದ ಹೊಳೆಯುವ ಗೆರೆಗಳೂ, ಕೆಲವೊಮ್ಮೆ ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನ ಗೆರೆಯೂ ಇದೆ. ಅದಕ್ಕೆ ಹತ್ತಾರು ಸಾವಿರ ಡಿಗ್ರಿ ಬೇಕು. ಒಂದೇ ಪಾತ್ರೆಯಲ್ಲಿ ನೀರು ಗಡ್ಡೆಯೂ ಕಟ್ಟುತ್ತಿದೆ, ಕುದಿಯುತ್ತಲೂ ಇದೆ ಎಂದರೆ ನಂಬುವುದು ಹೇಗೆ? ಪಾತ್ರೆ ಎರಡಿರಬೇಕು.

ಇಂಥ ಬೆರಕೆ ರೋಹಿತದ ತಾರೆಗಳನ್ನು ಕಂಡು ತಲೆ ಕೆಡಿಸಿಕೊಂಡ ಅಮೆರಿಕದ ಪಾಲ್ ಮೆರಿಲ್ 1940ರ ದಶಕದಲ್ಲಿ ಅವುಗಳಿಗೆ ಜೀವವಿಜ್ಞಾನದಿಂದ ಒಂದು ಪದ ತಂದು ಇಟ್ಟರು: ಸಹಜೀವಿ ನಕ್ಷತ್ರಗಳು. ಸಹಜೀವನ ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ. ಶೇಂಗಾ ಗಿಡ ಕಿತ್ತರೆ ಬೇರಿನಲ್ಲಿ ಗಂಟುಗಂಟು ಇರುತ್ತದೆ. ಅದರೊಳಗಿನ ಬ್ಯಾಕ್ಟೀರಿಯಾ ಗಿಡಕ್ಕೆ ಸಾರಜನಕ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಮಸಾಲೆಗೆ ಹಾಕುವ ಕಲ್ಲುಹೂವು ಕೂಡ ಹಾಗೆಯೇ, ಪಾಚಿ ಮತ್ತು ಶಿಲೀಂಧ್ರ ಸೇರಿ ಮಾಡಿದ ಸಂಸಾರ. ಆದರೆ ಟಿ ಕೊರೊನೆಯ ಮನೆಯಲ್ಲಿ ನಡೆಯುವುದು ಇಂಥ ಕೊಡುಕೊಳ್ಳುವಿಕೆಯಲ್ಲ. ಒಂದು ಬರೀ ಕೊಡುತ್ತದೆ, ಇನ್ನೊಂದು ಬರೀ ಕಸಿಯುತ್ತದೆ. ನನ್ನನ್ನು ಕೇಳಿದ್ದರೆ ಮಾವಿನ ಮರದ ಮೇಲಿನ ಬಂದಳಿಕೆಯ ಹೆಸರಿಡುತ್ತಿದ್ದೆ.

ಕೊಡುವುದು ಕೆಂಪು ದೈತ್ಯ, ಮುಪ್ಪಿನಲ್ಲಿ ಉಬ್ಬಿ ಕೆಂಪಾದ ತಾರೆ. ನಮ್ಮ ಸೂರ್ಯನ ಅರವತ್ತು ಎಪ್ಪತ್ತು ಪಟ್ಟು ಅಗಲ. ಕಸಿಯುವುದು ಶ್ವೇತ ಕುಬ್ಜ, ಉರಿದು ಮುಗಿದ ನಕ್ಷತ್ರದ ತಿರುಳು. ಗಾತ್ರದಲ್ಲಿ ಭೂಮಿಗಿಂತ ಚಿಕ್ಕದು, ತೂಕದಲ್ಲಿ ಸೂರ್ಯನಿಗಿಂತ ಹೆಚ್ಚು. ಶ್ವೇತ ಕುಬ್ಜವೊಂದು ಎಷ್ಟು ತೂಗಬಹುದು ಎಂಬುದಕ್ಕೆ ಒಂದು ಮೇರೆಯಿದೆ: ಸೂರ್ಯನ ಸುಮಾರು 1.4 ಪಟ್ಟು. 1930ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಲ್ಲಿ ಕೂತು 19 ವರ್ಷದ ಚಂದ್ರಶೇಖರ್ ಮಾಡಿದ ಲೆಕ್ಕದಿಂದ ಹೊರಟದ್ದು ಆ ಮೇರೆ. ನಮ್ಮ ಕುಬ್ಜ ಆ ಮೇರೆಯ ಅಂಚಿಗೆ ಬಂದು ಕೂತಿದೆ.

ಎರಡೂ ಒಂದನ್ನೊಂದು ಸುತ್ತುತ್ತವೆ ಎನ್ನುವುದು ರೋಹಿತದ ಗೆರೆಗಳು ಲಯಬದ್ಧವಾಗಿ ಅತ್ತಿತ್ತ ಸರಿಯುವುದರಿಂದ ತಿಳಿಯಿತು; ನಮ್ಮತ್ತ ಬರುವಾಗ ನೀಲಿಯ ಕಡೆಗೆ, ದೂರ ಹೋಗುವಾಗ ಕೆಂಪಿನ ಕಡೆಗೆ. ಒಂದು ಸುತ್ತಿಗೆ 227 ದಿನಕ್ಕಿಂತ ತುಸು ಹೆಚ್ಚು. ಎರಡರ ತೂಕ ಸೇರಿ ಎರಡು ಸೂರ್ಯರಿಗಿಂತ ಸ್ವಲ್ಪ ಹೆಚ್ಚೆಂದು ಇಟ್ಟುಕೊಂಡು ಕೆಪ್ಲರನ ನಿಯಮ ಹಾಕಿದರೆ ಅವುಗಳ ನಡುವಿನ ಅಂತರ ಹೆಚ್ಚುಕಡಿಮೆ ಭೂಮಿಗೂ ಸೂರ್ಯನಿಗೂ ಇರುವಷ್ಟೇ. ಅಷ್ಟು ಹತ್ತಿರ ಅಷ್ಟು ತೂಕದ ಕುಬ್ಜ ಎಳೆಯುತ್ತಿರುವಾಗ ಉಬ್ಬಿದ ದೈತ್ಯ ಗುಂಡಗೆ ಉಳಿದೀತೇ? ಮೊಟ್ಟೆಯ ಹಾಗೆ ಚಾಚಿಕೊಂಡಿದೆ. ಮೊಟ್ಟೆಯನ್ನು ಕಣ್ಣೆದುರು ತಿರುಗಿಸಿ ನೋಡಿ: ಒಂದು ಸುತ್ತಿನಲ್ಲಿ ಎರಡು ಸಲ ಅದರ ಉದ್ದನೆಯ ಮಗ್ಗುಲು ಕಾಣುತ್ತದೆ, ಎರಡು ಸಲ ತುದಿ. ಹಾಗೆಯೇ ನಕ್ಷತ್ರದ ಬೆಳಕೂ ಒಂದು ಸುತ್ತಿನಲ್ಲಿ ಎರಡು ಸಲ ತುಸು ಏರುತ್ತದೆ, ಎರಡು ಸಲ ತುಸು ಇಳಿಯುತ್ತದೆ. ಒಂದು ಚುಕ್ಕಿ, ಅದರ ಬೆಳಕಿನ ಸಣ್ಣ ಏರಿಳಿತ; ಅಷ್ಟರಿಂದಲೇ ಒಂದು ನಕ್ಷತ್ರದ ಆಕಾರ ಹೇಳಬಹುದು ಎನ್ನುವುದು ನನಗೆ ಇವತ್ತಿಗೂ ಸೋಜಿಗ. ಈ ಕೆಲಸದಲ್ಲಿ ನಮ್ಮವರ ಪಾಲೂ ಇದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಟಿ.ಪಿ. ಪ್ರಭು ಅವರು, ಸಂಸ್ಥೆಗೆ ಸೇರಿದ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಈ ತಾರೆಯ ರೋಹಿತವನ್ನು ವರ್ಷಗಟ್ಟಲೆ ನೋಡಿ 1991ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಆಗ ಸ್ಫೋಟವೇನೂ ಇರಲಿಲ್ಲ, ಅದು ಸುಮ್ಮನಿದ್ದ ಕಾಲ.

ಇನ್ನು ಸಿಡಿಯುವ ಸಂಗತಿ. ದೈತ್ಯನಿಂದ ಸುರಿದ ಜಲಜನಕ ಕುಬ್ಜನ ಮೈಮೇಲೆ ಪದರಪದರವಾಗಿ ಕೂಡುತ್ತ ಹೋಗುತ್ತದೆ. ಒತ್ತಡ ಏರುತ್ತದೆ, ಬಿಸಿ ಏರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒಂದು ಗಳಿಗೆಯಲ್ಲಿ ತಳದ ಜಲಜನಕ ಬೈಜಿಕ ಕ್ರಿಯೆಗೆ ಹೊತ್ತಿಕೊಂಡು ಇಡೀ ಪದರ ಹಾರಿಹೋಗುತ್ತದೆ. ಕುಬ್ಜ ಸಾಯುವುದಿಲ್ಲ; ಮತ್ತೆ ಕೂಡಿಸಲು ತೊಡಗುತ್ತದೆ. ಸುಮಾರು 80 ವರ್ಷಕ್ಕೊಮ್ಮೆ ಇದೇ ಕಥೆ. ಪ್ರತಿ ಸಲ ಕೂಡಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆಯೋ, ಕೊಂಚ ಉಳಿಸಿಕೊಂಡು ಚಂದ್ರಶೇಖರ್ ಮೇರೆಯತ್ತ ಜರುಗುತ್ತದೆಯೋ ಎಂಬುದು ಪಂಡಿತರಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗ ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: “ಹಾಲು ಕಾಯಿಸಿದಂಗೆ ಅನ್ನು. ನೋಡ್ತಾ ನಿಂತ್ರೆ ಉಕ್ಕಲ್ಲ. ಒಂದು ಗಳಿಗೆ ಆ ಕಡೆ ತಿರುಗಿದ್ರೆ ಉಕ್ಕಿ ಒಲೆ ಆರಿರ್ತೈತೆ.”

ಅವ್ವ ಹುಟ್ಟಿದ್ದು ಸ್ವಾತಂತ್ರ್ಯ ಬರುವ ಹಿಂದಿನ ವರ್ಷ. ಅಂದರೆ 1946. ನಕ್ಷತ್ರ ಹಿಂದಿನ ಸಲ ಉಕ್ಕಿದ ವರ್ಷ. ಈ ಲೆಕ್ಕ ಹೊಳೆದದ್ದು ಸುಮಳಿಗೆ. “ಅಜ್ಜಿ, ನೀನು ಹುಟ್ಟಿದಾಗಿನಿಂದ ಅದು ಕೂಡಿಡ್ತಾನೇ ಇದೆ” ಎಂದಳು.

ಬೇಸಿಗೆ ರಜೆಯಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಶಾಲೆ ತೆರೆದಾಗ ಹತ್ತನೆಯ ತರಗತಿಯ ಸುಮ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನಿಂತು ಸೆಪ್ಟೆಂಬರ್ ಒಳಗೆ ಹೊಸ ನಕ್ಷತ್ರ ಕಾಣುತ್ತದೆ ಎಂದು ಹೇಳಿಬಿಟ್ಟಳು. ‘ಸಂಭವವಿದೆ’ ಎಂಬ ಮಾತು ಅವಳ ಭಾಷಣದಲ್ಲಿ ಎಲ್ಲೋ ಬಿದ್ದುಹೋಗಿತ್ತು. ಪತ್ರಿಕೆಗಳ ತಲೆಬರಹಗಳಲ್ಲೇ ಅದು ಬಿದ್ದುಹೋಗಿದ್ದಾಗ ಹುಡುಗಿಯನ್ನು ಏನನ್ನುವುದು? ಸೆಪ್ಟೆಂಬರ್ ಬಂತು, ಹೋಯಿತು. ನಕ್ಷತ್ರ ಅಲ್ಲಾಡಲಿಲ್ಲ. ತರಗತಿಯ ಹುಡುಗರಿಗೆ ಹಬ್ಬ. ಅವಳು ಬಂದ ಕೂಡಲೇ ಒಬ್ಬ ಹೊಟ್ಟೆ ಹಿಡಿದುಕೊಂಡು ನರಳುವುದು, ಇನ್ನೊಬ್ಬ “ಏನೋ, ನೋವಾ?” ಎಂದು ಕೇಳುವುದು. ಮಗಳು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಆದರೆ ರಾತ್ರಿ ಮಾಳಿಗೆ ಹತ್ತುವುದನ್ನು ಬಿಡಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಕಿರೀಟ ಸಂಜೆಯ ಪಶ್ಚಿಮಕ್ಕೆ ಇಳಿಯಿತು. ಡಿಸೆಂಬರಿನಲ್ಲಿ ಬೆಳಗಿನ ಜಾವ ಪೂರ್ವದಲ್ಲಿ ಮೂಡಿದಾಗ ಅಲಾರಂ ಇಟ್ಟು ಏಳತೊಡಗಿದಳು.

2025ರ ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಗಣಿತದಲ್ಲಿ ಅಂಕ ಇಳಿಯಿತು. ನನ್ನ ಹೆಂಡತಿ ಮಾತಾಡಲಿಲ್ಲ, ನನ್ನ ಮುಖ ನೋಡಿದಳು. ಅದು ಮಾತಿಗಿಂತ ಕಠಿಣ. ನಾನು ನೋಟ್‌ಬುಕ್ ತರಿಸಿದೆ. 112 ರಾತ್ರಿಗಳ ದಾಖಲೆ. ಕೊನೆಯ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ 112 ಸಲ ‘ಇಲ್ಲ’.

“ಏನೂ ಆಗದೇ ಇದ್ದದ್ದನ್ನು ಬರೆದಿಟ್ಟು ಏನು ಪ್ರಯೋಜನ?” ಎಂದೆ.

ನೋಟ್‌ಬುಕ್ಕನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ದೂರದರ್ಶಕ ಅಟ್ಟ ಸೇರಿತು. ಸುಮ ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು. ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದವನ ಬಾಯಲ್ಲಿ ಆ ಮಾತು ಬಂತಲ್ಲ ಎಂದು ಆಗ ನನಗೆ ಹೊಳೆಯಲೂ ಇಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ಕ್ಕೆ ಶುರುವಾಯಿತು. ತಿಂಗಳ ಕೊನೆಗೆ ಹಾಲಿನ ರತ್ನಮ್ಮನ ಲೆಕ್ಕ ಚುಕ್ತಾ ಮಾಡಲು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತೆ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಅವ್ವನದು. ಓದು ಬರಹ ಬಾರದಿದ್ದರೂ ಆಕೆಯ ಲೆಕ್ಕ ತಪ್ಪಿದ್ದಿಲ್ಲ: ಲೀಟರಿಗೊಂದು ಉದ್ದ ಗೀಟು, ಹೆಚ್ಚು ಹಾಕಿಸಿಕೊಂಡ ದಿನ ಎರಡು. ಆದರೆ ಈ ಸಲ ಗೀಟಿನ ಪಕ್ಕದಲ್ಲಿ ಸಣ್ಣದೊಂದು ಅಡ್ಡ ಗೀಟು. ಕೆಲವು ದಿನ ಅದರ ಬದಲು ಪುಟ್ಟ ಸುತ್ತು. ಹಾಳೆ ಹಿಂದಕ್ಕೆ ಮಗುಚಿದೆ. ಫೆಬ್ರವರಿಯಲ್ಲೂ ಇದೆ. ಜನವರಿಯ ಕೊನೆಯ ವಾರದಿಂದ ಶುರು.

“ಏನವ್ವ ಇದು? ಮೊಸರಿಂದಾ?”

“ನಿನ್ನ ಮಗಳದ್ದು” ಎಂದಳು ಅವ್ವ, ಬೀಸಣಿಗೆ ಆಡಿಸುತ್ತ. “ನಾ ಹೆಂಗೂ ನಾಲ್ಕೂವರೆಗೆ ಏಳ್ತೀನಿ. ಕಸ ಹೊಡೆಯೋಕೆ ಮುಂಚೆ ಒಡೆದ ಬಳೆ ಕಡೆ ಒಂದು ಸಲ ನೋಡ್ತೀನಿ. ಅವಳು ಹೇಳಿದ ಜಾಗದಾಗೆ ಹೊಸ ಚುಕ್ಕಿ ಇಲ್ದಿದ್ರೆ ಅಡ್ಡ ಗೀಟು. ಮೋಡ ಇದ್ರೆ ಸುತ್ತು.”

ಫೆಬ್ರವರಿಯಲ್ಲಿ ಎಂಟು ದಿನ ಖಾಲಿ ಇತ್ತು. ಗೀಟೂ ಇಲ್ಲ, ಸುತ್ತೂ ಇಲ್ಲ. ಅದೇನೆಂದು ಕೇಳಿದೆ.

“ಜ್ವರ ಬಂದು ಮಲಗಿದ್ನಲ್ಲ. ನೋಡದೆ ಹೆಂಗೆ ಗೀಟು ಹಾಕ್ಲಿ? ಹಾಲು ಬಂತೋ ಇಲ್ವೋ ಗೊತ್ತಿಲ್ದೆ ಗೀಟು ಹಾಕಿದ್ರೆ ರತ್ನಮ್ಮ ಸುಮ್ನಿರ್ತಾಳೇನು?”

ನಾನು ಕ್ಯಾಲೆಂಡರಿನ ಮುಂದೆ ಹಾಗೆಯೇ ನಿಂತೆ. ನೋಡಿ ‘ಇಲ್ಲ’ ಎನ್ನುವುದು ಒಂದು. ನೋಡಲಾಗಲಿಲ್ಲ ಎನ್ನುವುದು ಇನ್ನೊಂದು. ನೋಡಲೇ ಇಲ್ಲ ಎನ್ನುವುದು ಮತ್ತೊಂದು. ಈ ಮೂರನ್ನು ಬೇರೆಬೇರೆಯಾಗಿ ಬರೆಯಬೇಕು ಎಂದು ನಾನು ಯಾವ ಮಕ್ಕಳಿಗೂ ಪಾಠ ಮಾಡಿದ ನೆನಪಿಲ್ಲ. ಪ್ರಯೋಗದ ಪುಸ್ತಕದಲ್ಲಿ ಉತ್ತರ ಬಾರದಿದ್ದರೆ ಪಕ್ಕದವರದನ್ನು ನೋಡಿ ತುಂಬಿಸುವುದೇ ರೂಢಿ; ನಾವೂ ಕಂಡೂ ಕಾಣದಂತೆ ಸಹಿ ಹಾಕುತ್ತೇವೆ.

ಮಾರ್ಚ್ 27ರ ಚೌಕದ ಮೇಲೆ ಕಣ್ಣು ಹೋಯಿತು. ಕಕ್ಷೆಯ ಅವಧಿಯನ್ನು ಹಿಂದಿನ ಸ್ಫೋಟಗಳ ಜೊತೆ ಕೂಡಿಸಿ ಗುಣಿಸಿ, 2025ರ ಮಾರ್ಚ್ 27ಕ್ಕೆ ಸಿಡಿಯಬಹುದು ಎಂದು ಹಿಂದಿನ ವರ್ಷ ಒಂದು ಲೆಕ್ಕ ಪ್ರಕಟವಾಗಿತ್ತು. ಪರೀಕ್ಷೆಗಳ ನಡುವಿನ ದಿನ ಅದು. ಅವ್ವನ ಚೌಕದಲ್ಲಿ ಒಂದು ಉದ್ದ ಗೀಟು, ಒಂದು ಅಡ್ಡ ಗೀಟು. ಹಾಲು ಬಂದಿದೆ, ನೋವಾ ಬಂದಿಲ್ಲ.

ಆ ರಾತ್ರಿ ನಾನು ಈ ನಕ್ಷತ್ರದ ಹಿಂದಿನ ಚರಿತ್ರೆಯನ್ನು ಹುಡುಕಿ ಓದಿದೆ. 1866ರ ಮೇ 12ರಂದು ಐರ್ಲೆಂಡಿನ ಟ್ಯೂಮ್ ಊರಿನ ಬಳಿ ಜಾನ್ ಬರ್ಮಿಂಗ್‌ಹ್ಯಾಮ್ ಎಂಬ ಜಮೀನುದಾರ ರಾತ್ರಿ ಮನೆಗೆ ನಡೆದು ಬರುತ್ತಿದ್ದಾಗ ಕಿರೀಟದಲ್ಲಿ ಒಂದು ತಾರೆ ಹೆಚ್ಚಿದ್ದನ್ನು ಕಂಡ. ಲಂಡನ್ನಿನ ದೊಡ್ಡ ಪತ್ರಿಕೆಗೆ ಬರೆದರೆ ಅವರು ಹಾಕಲಿಲ್ಲ. ಆಮೇಲೆ ವಿಲಿಯಂ ಹಗಿನ್ಸ್‌ಗೆ ಬರೆದ. ಹಗಿನ್ಸ್ ಕೂಡಲೇ ರೋಹಿತದರ್ಶಕ ತಿರುಗಿಸಿದರು. ನೋವಾ ಒಂದರ ರೋಹಿತವನ್ನು ಮನುಷ್ಯ ಕಂಡದ್ದು ಅದೇ ಮೊದಲು. ಕಪ್ಪು ಗೆರೆಗಳ ಮೇಲೆ ಹೊಳೆಯುವ ಗೆರೆಗಳು ಕೂತಿದ್ದವು.

1946ರ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಓಹಾಯೋ ರಾಜ್ಯದ ಡೆಲ್ಫಾಸ್ ಊರಿನ ರೈತನ ಮಗ ಲೆಸ್ಲಿ ಪೆಲ್ಟಿಯರ್. ಹುಡುಗನಾಗಿದ್ದಾಗ ಸ್ಟ್ರಾಬೆರಿ ಹಣ್ಣು ಕಿತ್ತು ಕೂಲಿ ಕೂಡಿಸಿ 18 ಡಾಲರಿಗೆ ಎರಡು ಅಂಗುಲದ ದೂರದರ್ಶಕ ಕೊಂಡವನು. ಜೀವಮಾನದಲ್ಲಿ 12 ಧೂಮಕೇತುಗಳ ಪತ್ತೆಯಲ್ಲಿ ಪಾಲು ಪಡೆದ; ಚರತಾರೆ ವೀಕ್ಷಕರ ಸಂಘಕ್ಕೆ ಒಂದು ಲಕ್ಷಕ್ಕೂ ಹೆಚ್ಚು ದಾಖಲೆ ಕಳಿಸಿದ. ಟಿ ಕೊರೊನೆಯನ್ನು ಈತ ಇಪ್ಪತ್ತೈದು ವರ್ಷ ಕಾಯ್ದ. 1946ರ ಫೆಬ್ರವರಿಯ ಒಂದು ರಾತ್ರಿ ಎರಡೂವರೆಗೆ ಅಲಾರಂ ಹೊಡೆಯಿತು. ಎದ್ದು ನೋಡಿದರೆ ಆಕಾಶ ಶುಭ್ರ. ಆದರೆ ನೆಗಡಿ ಬರುವ ಹಾಗಿತ್ತು. ಮತ್ತೆ ಹೋಗಿ ಮಲಗಿಬಿಟ್ಟ. ನಕ್ಷತ್ರ ಸಿಡಿದದ್ದು ಅದೇ ರಾತ್ರಿ. ಸೋವಿಯತ್ ದೇಶದ ಒಬ್ಬ ರೈಲ್ವೆ ನೌಕರ ಕಂಡ. ವೇಲ್ಸ್‌ನ 15 ವರ್ಷದ ಶಾಲಾ ಹುಡುಗನೊಬ್ಬ ಮನೆಯ ಕಿಟಕಿಯಿಂದ ಕಂಡ. ಕಾಯ್ದವನಿಗೆ ಕಾಣಲಿಲ್ಲ. ಅವ್ವನ ಹಾಲಿನ ಮಾತು ನೆನಪಾಯಿತು.

ಆದರೆ ಪೆಲ್ಟಿಯರ್ ಏನೂ ಕಾಣಲಿಲ್ಲ ಎಂದರೆ ತಪ್ಪಾಗುತ್ತದೆ. 1946ಕ್ಕೆ ಎಂಟು ವರ್ಷ ಮೊದಲೇ ನಕ್ಷತ್ರ ಕೊಂಚ ಪ್ರಕಾಶಮಾನವಾಗಿದ್ದು, ಸ್ಫೋಟಕ್ಕೆ ಒಂದು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಮಂಕಾದದ್ದು, ಇವೆಲ್ಲ ನಮಗೆ ಗೊತ್ತಿರುವುದು ಅವನಂಥವರು ರಾತ್ರಿ ರಾತ್ರಿ ಬರೆದಿಟ್ಟ ‘ಏನೂ ಆಗಲಿಲ್ಲ’ಗಳಿಂದ. 2015ರಲ್ಲಿ ಮತ್ತೆ ಪ್ರಕಾಶ ಏರಿದಾಗ, 2023ರಲ್ಲಿ ಮತ್ತೆ ಇಳಿದಾಗ, ಅಮೆರಿಕದ ಬ್ರಾಡ್ಲಿ ಶೇಫರ್ ಆ ಹಳೆಯ ದಾಖಲೆಗಳನ್ನು ಪಕ್ಕದಲ್ಲಿಟ್ಟು ನೋಡಿಯೇ 2024ರ ಭವಿಷ್ಯ ನುಡಿದದ್ದು. ನುಡಿ ಹುಸಿಯಾಯಿತು. ನಮ್ಮಲ್ಲಿ ಇರುವುದು ಹಿಂದಿನ ಒಂದೇ ಒಂದು ಸಲದ ವಿವರವಾದ ದಾಖಲೆ. ಒಂದು ಸಲ ಆದದ್ದು ಇನ್ನೊಂದು ಸಲ ಹಾಗೆಯೇ ಆಗಬೇಕೆಂಬ ಕರಾರು ನಕ್ಷತ್ರ ಬರೆದುಕೊಟ್ಟಿಲ್ಲ. 1866ರ ಸಲದ ದಾಖಲೆ ತುಂಬಿದ್ದರೆ ಲೆಕ್ಕ ಗಟ್ಟಿಯಾಗುತ್ತಿತ್ತು. ಬರೆದವರಿರಲಿಲ್ಲ.

ಪರೀಕ್ಷೆ ಮುಗಿದ ಮರುದಿನ ಬೀರುವಿನ ಬೀಗ ತೆಗೆದು ನೋಟ್‌ಬುಕ್ಕನ್ನು ಸುಮಳ ಮುಂದಿಟ್ಟೆ. “ನಾನು ಅವತ್ತು ಅಂದದ್ದು ತಪ್ಪು” ಎಂದೆ. ಮಕ್ಕಳೆದುರು ಈ ಮಾತು ಹೇಳುವುದು ಎಷ್ಟು ಕಷ್ಟ ಎಂದು ತಂದೆತಾಯಿಯರಿಗೆ ನಾನು ಹೇಳಬೇಕಾಗಿಲ್ಲ. ಅವಳು “ಗೊತ್ತು” ಎಂದಳು. ಅಷ್ಟೇ. ಆಮೇಲೆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಅಜ್ಜಿಯ ಗೀಟುಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಏರಿಸಿದಳು. ವೀಕ್ಷಕರು: ಅಜ್ಜಿ. ಉಪಕರಣ: ಬರಿಗಣ್ಣು. ಕಾಂತಿಮಾನದ ಕಾಲಮ್ಮಿನಲ್ಲಿ ‘4ಕ್ಕಿಂತ ಮಂಕು’ ಎಂದು ಬರೆದಳು. ಅಜ್ಜಿಗೆ ಪಕ್ಕದ ಎಪ್ಸಿಲಾನ್ ಕಾಣುತ್ತಿತ್ತು, ಅದರ ಕಾಂತಿ 4ರ ಹತ್ತಿರ, ಆದ್ದರಿಂದ ಅದಕ್ಕಿಂತ ಹೆಚ್ಚು ಹೊಳೆಯುವುದೇನೂ ಅಲ್ಲಿರಲಿಲ್ಲ ಎಂದು ಖಂಡಿತವಾಗಿ ಹೇಳಬಹುದು. ಜ್ವರದ ಎಂಟು ದಿನ ಖಾಲಿ ಬಿಟ್ಟಳು. ಅವ್ವನ ಕಣ್ಣಿನ ಪೊರೆ ತೆಗೆಸಿ ಆಗ ಮೂರು ವರ್ಷವಾಗಿತ್ತು. “ಆಪರೇಷನ್ನಿಗೆ ಕೊಟ್ಟ ದುಡ್ಡು ವಸೂಲಾಯ್ತು” ಎಂದಳು ನನ್ನ ಹೆಂಡತಿ. ಆ ಮನೆಯಲ್ಲಿ ನಾಲ್ಕು ತಿಂಗಳ ನಂತರ ಎಲ್ಲರೂ ಒಟ್ಟಿಗೆ ನಕ್ಕದ್ದು ಆವಾಗಲೇ.

ಮೇ ತಿಂಗಳಲ್ಲಿ ಗ್ರಾಫ್ ಹಾಳೆ ತಂದು ದೂರದರ್ಶಕದ ಅಂದಾಜುಗಳನ್ನು ಗುರುತಿಸಿದೆವು. ಮೊದಲು ಕಂಡದ್ದು ರಾಗಿ ಚೆಲ್ಲಿದಂತೆ ಚುಕ್ಕಿಗಳು. ಹತ್ತು ದಿನಕ್ಕೊಂದು ಸರಾಸರಿ ತೆಗೆದು ಮತ್ತೆ ಹಾಕಿದಾಗ ಒಂದು ಸಣ್ಣ ಅಲೆ ಕಂಡಂತಾಯಿತು. ಏರು, ಇಳಿ, ಮತ್ತೆ ಏರು. ಶಿಖರದಿಂದ ಶಿಖರಕ್ಕೆ ನಾಲ್ಕು ತಿಂಗಳಿಗೆ ತುಸು ಕಡಿಮೆ. 227ರ ಅರ್ಧ 114 ದಿನ. ಮೊಟ್ಟೆ ತಿರುಗುತ್ತಿದೆಯೋ, ನಾವು ಕಾಣಬಯಸಿದ್ದನ್ನೇ ಕಾಣುತ್ತಿದ್ದೇವೆಯೋ? ಸುಮ ಬಹಳ ಹೊತ್ತು ನೋಡಿ, ಗ್ರಾಫಿನ ಕೆಳಗೆ ‘ಇರಬಹುದು’ ಎಂದು ಬರೆದಳು. ಹಿಂದಿನ ಜೂನ್‌ನ ಭಾಷಣದಲ್ಲಿ ಬಿದ್ದುಹೋಗಿದ್ದ ಮಾತು ಈಗ ಸಿಕ್ಕಿತ್ತು.

ಅಂಕ ಎಷ್ಟು ಬಂತು ಎಂದು ಕೇಳುವವರಿದ್ದಾರೆ. ಚೆನ್ನಾಗಿಯೇ ಬಂತು, ಗಣಿತದಲ್ಲೂ. ನಕ್ಷತ್ರ ನೋಡಿದ್ದರಿಂದ ಅದು ಹೆಚ್ಚಾಗಲೂ ಇಲ್ಲ, ನೋಡದೆ ಬಿಟ್ಟಿದ್ದರಿಂದ ಹೆಚ್ಚಾಯಿತು ಎಂದು ಹೇಳುವ ಧೈರ್ಯವೂ ನನಗಿಲ್ಲ.

ಆ ಜೂನ್‌ನಲ್ಲಿ ಒಂದು ಸಂಜೆ, ಸುಮ ಪಿಯು ಕಾಲೇಜಿಗೆ ಸೇರಿದ ವಾರ, ಮೂವರೂ ಮಾಳಿಗೆಯ ಮೇಲಿದ್ದೆವು. ಕಿರೀಟ ನೆತ್ತಿಯ ಹತ್ತಿರ ಬರುವ ಕಾಲ. ಅಲ್ಲಿಯವರೆಗೂ ನಕ್ಷತ್ರ ಸಿಡಿದಿರಲಿಲ್ಲ.

“ಅಜ್ಜಿ, ಒಂದು ಲೆಕ್ಕ ಕೇಳು” ಎಂದಳು ಸುಮ. “ಅಲ್ಲಿಂದ ಬೆಳಕು ಬರೋಕೆ 3000 ವರ್ಷ. 80 ವರ್ಷಕ್ಕೊಂದು ಸಲ ಅಂದ್ರೆ ಸುಮಾರು 37 ಸಲ ಅದು ಈಗಾಗಲೇ ಸಿಡಿದಾಗಿದೆ. ಎಲ್ಲ ದಾರಿಯಲ್ಲಿವೆ.”

“ಮೊದಲ್ನೇದು ಬರೋದ್ರೊಳಗೆ ನಾನಿರ್ತೀನೇನು?”

ಸುಮ ಉತ್ತರಿಸಲಿಲ್ಲ. ಪಶ್ಚಿಮದಿಂದ ಮೋಡ ಏರುತ್ತಿತ್ತು. ಮೊದಲು ಸ್ವಾತಿ ಹೋಯಿತು, ಆಮೇಲೆ ಆಲ್ಫೆಕಾ. ಅವ್ವ ಕತ್ತು ಮೇಲೆತ್ತಿಕೊಂಡು ಇನ್ನೂ ಸ್ವಲ್ಪ ಹೊತ್ತು ನೋಡಿದಳು.

“ಇವತ್ತಿಗೆ ಸುತ್ತು ಹಾಕಮ್ಮ” ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು.